ಮೈನಸ್ ಹದಿನೆಂಟರ ಪುಟ

ವೇಮಗಲ್ ದಾರಿಯ ಕೋಲ್ಡ್ ಸ್ಟೋರೇಜಿನಲ್ಲಿ
ಮೂರನೇ ಚೇಂಬರಿನ ಉಷ್ಣತೆ ಬರೆಯುವುದು ನನ್ನ ಕೆಲಸ.
ಎರಡು ಗಂಟೆಗೊಮ್ಮೆ: ಮೈನಸ್ ಹದಿನೆಂಟು.
ಹೊರಗೆ ಏಪ್ರಿಲ್. ತಗಡಿನ ಮೇಲೆ ಕೂತ ಕಾಗೆ
ಕಾಲು ಬದಲಿಸಿ ಬದಲಿಸಿ ಕೂರುತ್ತದೆ.
ಒಳಗೆ ನಾನು, ಯಾರದೋ ಅಳತೆಯ ಜರ್ಕಿನ್ನು,
ರೆಪ್ಪೆಯ ಮೇಲೆ ಬೂದಿಯಷ್ಟು ಹಿಮ.

ಮಾವಿನ ತಿರುಳು, ಬಟಾಣಿ, ಸಿಹಿಜೋಳದ ನಡುವೆ
ಒಂದು ದಿನ ಹಡಗಿಳಿದು ಲಾರಿ ಹತ್ತಿ ಬಂದವು
ನಲವತ್ತು ಪೆಟ್ಟಿಗೆ, ಕಾಡು ಬ್ಲೂಬೆರಿ.
ಒಂದರ ಮೂಲೆ ಹರಿದಿತ್ತು.
ಹರಿದದ್ದು ಲೆಕ್ಕದಿಂದ ಹೊರಗೆ,
ಅಂದರು ಸೂಪರ್‌ವೈಸರ್ ಜಬೀವುಲ್ಲಾ, ಫೋನಿನಿಂದ ಕಣ್ಣೆತ್ತದೆ.

ಲೆಕ್ಕದಿಂದ ಹೊರಗಾದದ್ದು ಊಟದ ಹೊತ್ತಿಗೆ
ಬಚ್ಚಮ್ಮನ ಡಬ್ಬಿಯ ಮುಚ್ಚಳದಲ್ಲಿತ್ತು.
"ಏನ್ ಬರದವರೆ ಓದಮ್ಮ. ತಿಂದ್ರೆ ಏನ್ ಬತ್ತದೆ?"
ಓದಿದೆ. ನೂರು ಗ್ರಾಮಿಗೆ
ಶಕ್ತಿ ಐವತ್ತೇಳು,
ನಾರು ನಾಲ್ಕು ಚಿಲ್ಲರೆ,
ಕೊಬ್ಬು ಇಲ್ಲವೆನ್ನುವಷ್ಟು.
ಮ್ಯಾಂಗನೀಸ್ ಎಂದಾಗ ತಲೆಯೆತ್ತಿ
"ಅದು ಗಣಿ ಕಲ್ಲಲ್ವಾ?" ಅಂದಳು.
ಅದೇ. ಹಣ್ಣಿನಲ್ಲೂ ಇರುತ್ತದೆ, ಚಿಟಿಕೆಯಲ್ಲಿ ಚಿಟಿಕೆ.
"ಕಲ್ಲು ತಿಂದು ಬದುಕೋದು ನಂಗೇನ್ ಹೊಸದಾ"
ಎಂದು ರೇಷನ್ ಅನ್ನ ತೋರಿಸಿ ನಕ್ಕಳು.

ಹಣ್ಣು ಸಣ್ಣದು. ಬಟಾಣಿಯ ಪಕ್ಕ ನಿಂತರೆ ತಮ್ಮ.
ಸಣ್ಣದಾದಷ್ಟೂ ಸಿಪ್ಪೆಯ ಪಾಲು ಹೆಚ್ಚು,
ನೀಲಿಯೆಲ್ಲ ಸಿಪ್ಪೆಯಲ್ಲಿ,
ದುಡ್ಡು ಕೊಟ್ಟು ತಿನ್ನುವವರು ಹುಡುಕುವುದು ಆ ನೀಲಿಯನ್ನೇ.
ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದ ಹೆಸರು, ಆಂಥೋಸಯನಿನ್,
ಆರು ವರ್ಷದಿಂದ ಯಾರೆದುರೂ ಆಡಿರಲಿಲ್ಲ.
ಆಡಿದೆ. ಚೇಂಬರಿನ ಬಾಗಿಲ ಬಳಿ
ಅದು ಹಬೆಯಾಗಿ ಬಾಯಿಂದ ಬಂತು, ಹೋಯಿತು.

"ನಮ್ ಕವಳೆ ಹಣ್ಣು, ಕಾರೆ ಹಣ್ಣು,
ಅಂತರಗಂಗೆ ಬಂಡೆ ಸಂದಿನಾಗೆ ಬಿಡ್ತಿತ್ತಲ್ಲ,
ಅದಕ್ಕೆಷ್ಟು ಬರದವರೆ?"
ಗೊತ್ತಿಲ್ಲ. ಎಲ್ಲೋ ಯಾರೋ ಅಳೆದಿರಬಹುದು.
ಪೊಟ್ಟಣವಿಲ್ಲದ ಹಣ್ಣಿಗೆ ಬೆನ್ನಿರುವುದಿಲ್ಲ, ಬರೆಯುವುದೆಲ್ಲಿ?
ಬಚ್ಚಮ್ಮನ ಬಾಯಲ್ಲಿತ್ತು ಅದರ ಲೆಕ್ಕ:
ಒಂದು ಮಡಿಲು ಕವಳೆಗೆ ಐದು ಮುಳ್ಳು,
ಅವ್ವನ ಒಂದು ಬೈಗುಳ,
ಸಂಜೆತನಕ ಹಸಿವಿಲ್ಲ.

ಬಾಯಿಗಿಟ್ಟೆವು. ಮೊದಲು ಹಲ್ಲು ಜುಮ್ಮೆಂದಿತು,
ಆಮೇಲೆ ಏನೂ ಇಲ್ಲ.
ನಾಲಗೆಯ ಬಿಸಿಗೆ ತಡವಾಗಿ ಹುಳಿ,
ಹುಳಿಯ ಹಿಂದೆ ಗುರುತಿಲ್ಲದ ಒಂದು ಮಣ್ಣು.
"ಒಗರಿಲ್ಲ" ಎಂದಳು, ತೀರ್ಪಿನ ಹಾಗೆ.
"ಒಗರಿಲ್ದೆ ಹಣ್ಣು ನಾಲಗೆ ಮೇಲೆ ನಿಲ್ಲೋದೆಂಗೆ?"
ಆದರೂ ಇನ್ನೊಂದು ತೆಗೆದುಕೊಂಡಳು.
ಇನ್ನೊಂದು.

"ಗಿಡ ಎಷ್ಟೆತ್ತರ?"
ಮೊಣಕಾಲಿಗೂ ಬರುವುದಿಲ್ಲವಂತೆ, ಅಂದೆ.
ಸುಮ್ಮನಾದಳು. ಕೈ ತಾನಾಗಿ ಸೊಂಟಕ್ಕೆ ಹೋಯಿತು.
"ಹಂಗಾದ್ರೆ ಅವ್ಳಿಗೂ ನೋವೈತೆ."
ಯಾರಿಗೆ ಎಂದು ನಾನು ಕೇಳಲಿಲ್ಲ.
ಪೊಟ್ಟಣ ತಿರುಗಿಸಿ ನೋಡಿದೆ, ಆ ಸಾಲು ಇರಲಿಲ್ಲ.

ಹಿಮ ಹಣ್ಣನ್ನು ಕಾಯುತ್ತದೆ ಅನ್ನುತ್ತಾರೆ. ಪೂರ್ತಿ ನಿಜವಲ್ಲ.
ಒಳಗಿನ ನೀರೇ ಸೂಜಿಯಾಗಿ ಗೋಡೆ ತಿವಿಯುತ್ತದೆ;
ಹೊರಗೆ ದುಂಡಗೆ, ಒಳಗೆ ಒಡಕು.
ಕರಗುವಾಗ ನೀಲಿ ಬೇಗ ಬಿಟ್ಟುಕೊಡುವುದು ಅದಕ್ಕೇ.
ಮುಚ್ಚಳದಲ್ಲಿ ಆಗಲೇ ಕೆನ್ನೀಲಿ ನೀರು.
ಕೊನೇ ತುತ್ತು ಅನ್ನವನ್ನು ಬಚ್ಚಮ್ಮ ಅದರಲ್ಲೇ ಒರೆಸಿದಳು,
ದಂಡ ಮಾಡಬಾರದಂತೆ.

ಎರಡು ಗಂಟೆ. ಪುಸ್ತಕ ತೆರೆದು ಬರೆದೆ.
ಮೈನಸ್ ಹದಿನೆಂಟು, ಸರಿಯಾಗಿದೆ, ಸಹಿ.
ಕೈ ತೆಗೆದಾಗ ಅಂಚಿನಲ್ಲಿ
ನನ್ನ ಹೆಬ್ಬೆರಳು ಗೆರೆ ಗೆರೆಯಾಗಿ ಮೂಡಿತ್ತು, ನೇರಳೆ ಬಣ್ಣದಲ್ಲಿ.
ಉಜ್ಜಿದರೆ ಹರಡಿತು.
ಹೆಗಲ ಮೇಲಿಂದ ಬಗ್ಗಿ ನೋಡಿ ಬಚ್ಚಮ್ಮ,
ಸಂಬಳದ ಪಟ್ಟಿಗೆ ತಿಂಗಳು ತಿಂಗಳೂ ಬೆರಳೊತ್ತುವವಳು,
ನೀಲಿ ನಾಲಗೆ ತೋರಿಸಿ ಅಂದಳು:
"ನಿಂದೂ ಹೆಬ್ಬೆಟ್ಟೇ ಆಯ್ತಲ್ಲಮ್ಮ."